ಗೋಡೆ ಬಿಡದ ಚೀಟಿ

ಬುಧವಾರ ಮಧ್ಯಾಹ್ನ ಟೈಲರ್ ತನ್ನ ತಂಗಿಯನ್ನು ಮೆಟ್ಟಿಲು ಹತ್ತಿಸಿಕೊಂಡು ಕರಡಜ್ಜಿಯ ಕೋಣೆಗೆ ಬಂದ. ನಲವತ್ತು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದ ಅಜ್ಜಿ, ಈಗ ಬೀದಿಯ ಕಳವು ಮೋಸಗಳನ್ನು ಅಚ್ಚಿನ ತಪ್ಪಿನಂತೆ ಹೆಕ್ಕಿ ತೆಗೆಯುತ್ತಿದ್ದಳು. ಕೆಳಗಿನ ಅಂಗಡಿಯ ಟೈಲರ್ ಇಂಥ ಕೆಲಸಗಳಲ್ಲಿ ಅವಳ ಬಲಗೈ. ಈ ಸಲ ಗೋಳು ಅವನ ಮನೆಯದೇ ಆಗಿತ್ತು.

ತಂಗಿಗೆ ಹುಟ್ಟಿನಿಂದ ಕಣ್ಣು ಕಾಣದು. ಪ್ರೋಗ್ರಾಂ ಬರೆಯುವುದು ಅವಳ ಕೆಲಸ. ಬರೆದ ಸಾಲನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಎಡಿಟರ್ ನಂಬಿಕೊಂಡು ಹನ್ನೆರಡು ವರ್ಷ ದುಡಿದಿದ್ದಳು. ಹದಿನಾಲ್ಕು ತಿಂಗಳ ಹಿಂದೆ ಕಚೇರಿಯವರು ಕಂಪ್ಯೂಟರ್ ಬದಲಿಸಿದ್ದೇ ತಡ, ಎಡಿಟರ್ ಸಾಲು ಓದುವುದನ್ನು ಬಿಟ್ಟು ಒಂದೊಂದೇ ಅಕ್ಷರ ಉಗುಳತೊಡಗಿತು. ಸರಿಪಡಿಸುವ ಅಪ್‌ಡೇಟ್ ಮುಂದಿನ ವಾರ ಬರುತ್ತದೆ ಎಂದರು ತಯಾರಕರು. ಆ ಮುಂದಿನ ವಾರ ಇನ್ನೂ ಬಂದಿರಲಿಲ್ಲ. ಶುಕ್ರವಾರ ಸಂಜೆಯೊಳಗೆ ಬಾಕಿ ಪ್ರೋಗ್ರಾಂ ಮುಗಿಯದಿದ್ದರೆ, ಸೋಮವಾರದಿಂದ ಅವಳು ಬಾಗಿಲ ಬಳಿ ಕೂತು ಫೋನ್ ಎತ್ತಬೇಕೆಂದು ಮೇಲಧಿಕಾರಿ ಗಡುವು ಕೊಟ್ಟಿದ್ದ.

“ಬೇರೆ ಎಡಿಟರ್ ಹಾಕ್ಕೋ ಅಂತಾರೆ ಅಜ್ಜಿ, ಚಪ್ಪಲಿ ಬದಲಾಯಿಸ್ಕೋ ಅನ್ನೋ ಹಾಗೆ,” ಎಂದಳು ತಂಗಿ. “ಫೋನ್ ಎತ್ತೋದು ಕೀಳು ಅಂತಲ್ಲ. ಕುರುಡಿಗೆ ಇಷ್ಟೇ ಸಾಕು ಅಂತ ಕೂರಿಸ್ತಾರಲ್ಲ, ಅದು ಸಹಿಸೋಕಾಗಲ್ಲ.”

ಅಜ್ಜಿ ಕನ್ನಡಕ ಒರೆಸಿಕೊಂಡಳು. ಎಡಿಟರ್ ಕಟ್ಟಿದ ಮೇಷ್ಟ್ರು ಪ್ರೆಸ್ಸಿನ ದಿನಗಳಿಂದ ಅವಳಿಗೆ ಗೊತ್ತಿದ್ದವರು.

ಗುರುವಾರ ಬೆಳಿಗ್ಗೆ ಮೂವರೂ ಮೇಷ್ಟ್ರ ಕಚೇರಿಗೆ ಹೋದರು. ಗೋಡೆಯ ಮೇಲೊಂದು ಮೆತ್ತನೆಯ ಹಲಗೆ. ಅದರಲ್ಲಿ ಗುಂಡುಪಿನ್ನಿಗೆ ಸಿಕ್ಕಿ ಒಂದೇ ಚೀಟಿ: ‘ಸಾಲು ಓದುವ ಧ್ವನಿ’. ಅಲ್ಲಿನ ಕ್ರಮ ಹೀಗಿತ್ತು. ಎಡಿಟರಿನಲ್ಲಿ ತಪ್ಪು ಸಿಕ್ಕರೆ ಪರೀಕ್ಷೆ ಮಾಡುವಾಕೆ ಯಂತ್ರದಲ್ಲಿ ಚೀಟಿ ಅಚ್ಚು ಹಾಕಿ ಚುಚ್ಚುತ್ತಾಳೆ. ತಪ್ಪು ಸರಿಯಾದರೆ ಮೇಷ್ಟ್ರು ಚೀಟಿ ಕಿತ್ತು, ಗೆದ್ದ ಖುಷಿಗೆ ನೆಲಕ್ಕೆ ಬಿಡುತ್ತಾರೆ. ಹೊರಡುವಾಗ ಆಕೆ ಅವನ್ನು ಆಯ್ದು ಬಿಸಾಡುತ್ತಾಳೆ. ಶನಿವಾರ ಮಾತ್ರ ಆಕೆಗೆ ಬಸ್ಸಿನ ಅವಸರ. ಹಲಗೆ ಬರಿದಾದ ದಿನ ಅಪ್‌ಡೇಟ್ ಹೊರಡಬೇಕು. ಎಷ್ಟೋ ಶನಿವಾರ ಹಲಗೆ ಬರಿದಾಗಿತ್ತು. ಸೋಮವಾರ ಅಪ್‌ಡೇಟ್ ಬಿಡೋಣವೆಂದು ಬಂದರೆ ಚೀಟಿ ಮತ್ತೆ ಹಾಜರು. ಬಳಕೆದಾರರು ಮ್ಯಾನೇಜರನಿಗೆ ದೂರಿರಬೇಕೆಂದು ಪ್ರತಿ ಸಲ ಒಂದೂವರೆ ತಿಂಗಳು ಮರುಪರೀಕ್ಷೆ, ವಾರದ ಲೆಕ್ಕ ಮುಗಿಸುವ ಶನಿವಾರವೇ ಮತ್ತೆ ಚೀಟಿ ಕೀಳುವುದು.

ಯಾರೋ ಬೇಕೆಂದೇ ಅಡ್ಡಗಾಲು ಹಾಕುತ್ತಿದ್ದಾರೆ ಎಂಬುದರಲ್ಲಿ ಎಲ್ಲರಿಗೂ ಒಮ್ಮತ, ಯಾರೆಂಬುದರಲ್ಲಿ ಮಾತ್ರ ಇಲ್ಲ. ಮೇಷ್ಟ್ರಿಗೆ ಮಹಡಿ ಮೇಲಿನ ಮ್ಯಾನೇಜರ್ ಮೇಲೆ ಗುಮಾನಿ. ಮ್ಯಾನೇಜರನಿಗೆ ಪರೀಕ್ಷೆ ಮಾಡುವಾಕೆಯ ಮೇಲೆ. ತಪ್ಪು ಮುಗಿದರೆ ಅವಳಿಗೇನು ಕೆಲಸ ಎಂದು ಅವನ ಕೊಂಕು. ಎಡಿಟರ್ ಎಂಬ ತಮ್ಮ ಮಗು ಬೀದಿಗಿಳಿದರೆ ಬಿದ್ದೀತೆಂಬ ಹೆದರಿಕೆ ಮೇಷ್ಟ್ರಿಗೇ ಇದೆ ಎಂದು ಆಕೆ. ಶನಿವಾರ ಮಧ್ಯಾಹ್ನ ಬೀಗ ಬಿದ್ದರೆ ತೆಗೆಯುವುದು ಸೋಮವಾರವೇ ಎಂದೂ, ಕೀಲಿ ತನ್ನ ಬಳಿ ಮತ್ತು ಗುಡಿಸುವಾಕೆಯ ಬಳಿ ಮಾತ್ರ ಇದೆಯೆಂದೂ ಮ್ಯಾನೇಜರ್ ಹೆಮ್ಮೆಯಿಂದ ಹೇಳಿದ.

ಇವರ ಜಗಳದ ನಡುವೆ ನನ್ನ ತಂಗಿಯ ಹದಿನಾಲ್ಕು ತಿಂಗಳು ನುಚ್ಚಾಯಿತಲ್ಲ ಎಂದು ಟೈಲರ್ ಹಲ್ಲು ಕಚ್ಚಿದ. ಅಜ್ಜಿ ಚೀಟಿ ಬಿಡಿಸಿ ತಂಗಿಯ ಕೈಗಿಟ್ಟಳು.

ತಂಗಿ ಬೆರಳಾಡಿಸಿದಳು. “ಒಂಬತ್ತು ತೂತು,” ಎಂದಳು. ಮೂಗಿನ ಬಳಿ ಹಿಡಿದು, “ಫಿನಾಯಿಲ್,” ಎಂದಳು.

ಅಜ್ಜಿ ಪೊರಕೆ ಇಡುವ ಕಪಾಟನ್ನು ತೆಗೆಸಿ ನೋಡಿದಳು. ಎರಡು ಗಂಟೆಗೆ ಎಲ್ಲರೂ ಸೇರಬೇಕು, ಗುಡಿಸುವಾಕೆಯೂ ಬರಬೇಕು ಎಂದಳು.

ಎರಡಕ್ಕೆ ಎಲ್ಲರೂ ಕೂತರು. ಗುಡಿಸುವಾಕೆ ಬಾಗಿಲಲ್ಲೇ ನಿಂತಿದ್ದಳು. ಅಜ್ಜಿ ತನ್ನ ಕುರ್ಚಿ ಅವಳಿಗೆ ಕೊಟ್ಟು ಶುರುಮಾಡಿದಳು. ಹೊಸ ಚೀಟಿಗೆ ಒಂದೇ ತೂತಿರಬೇಕು, ಇದಕ್ಕೆ ಒಂಬತ್ತು. ಅಂದರೆ ಹೊಸ ದೂರು ಬಂದೇ ಇಲ್ಲ, ಕಿತ್ತ ಚೀಟಿಯೇ ಎಂಟು ಸಲ ಮತ್ತೆ ಗೋಡೆ ಹತ್ತಿದೆ. ಫಿನಾಯಿಲ್ ನೆಲದ್ದು. ಶನಿವಾರ ಬಿದ್ದ ಚೀಟಿ ಆಯುವವರಿಲ್ಲ, ಬೀಗ ಬಿದ್ದ ಮೇಲೆ ಒಳಗೆ ಬರುವವಳು ಗುಡಿಸುವಾಕೆ ಒಬ್ಬಳೇ.

“ಅಂತೂ ಇವಳ ದಡ್ಡತನ,” ಎಂದು ಮ್ಯಾನೇಜರ್ ಎದ್ದ. “ಇವತ್ತೇ ಮನೆಗೆ ಕಳಿಸ್ತೀನಿ.”

“ಕೂತ್ಕೋಪ್ಪಾ,” ಎಂದಳು ಅಜ್ಜಿ. ಕಪಾಟಿನ ಬಾಗಿಲ ಒಳಗೆ ಅಂಟಿಸಿದ್ದ ಹಾಳೆಯನ್ನು ಓದಿದಳು: ‘ನೆಲಕ್ಕೆ ಬಿದ್ದ ಚೀಟಿ ಕಸವಲ್ಲ. ತಪ್ಪದೆ ಗೋಡೆಗೆ ಚುಚ್ಚತಕ್ಕದ್ದು. ಮೀರಿದರೆ ವಜಾ.’ ಕೆಳಗೆ ಮ್ಯಾನೇಜರನ ಸಹಿ, ಹದಿನಾಲ್ಕು ತಿಂಗಳ ಹಿಂದಿನ ತಾರೀಖು. ಫ್ಯಾನಿನ ಗಾಳಿಗೆ ಚೀಟಿಯೊಂದು ಹಾರಿಹೋದಾಗ ಗುಡಿಸುವಾಕೆಯೇ ಕಸಕ್ಕೆ ಹಾಕಿದಳೆಂದು ರೇಗಿ ಹೊರಡಿಸಿದ್ದ ಆಜ್ಞೆ. ಸರಿಯಾದ ಚೀಟಿಯನ್ನು ನೆಲಕ್ಕೆ ಬಿಡುತ್ತಾರೆಂದು ಮೇಲಿನವನಿಗೆ ಗೊತ್ತಿರಲಿಲ್ಲ. ಇಂಥ ಆಜ್ಞೆ ಇದೆಯೆಂದು ಕೆಳಗಿನವರಿಗೆ ಗೊತ್ತಿರಲಿಲ್ಲ.

“ಎರಡು ಸಲ ಕೇಳ್ದೆ ಸಾರ್,” ಎಂದಳು ಗುಡಿಸುವಾಕೆ. “ಮತ್ತೆ ಮತ್ತೆ ಇದೇ ಬೀಳುತ್ತಲ್ಲ, ಯಾಕೆ ಅಂತ. ಅದೆಲ್ಲ ನಿನಗ್ಯಾಕೆ, ಚುಚ್ಚು ಅಂದ್ರಿ.”

ಮೇಷ್ಟ್ರು ತಲೆ ತಗ್ಗಿಸಿದರು. “ನಾನು ಇವರನ್ನ ಇವತ್ತೇ ನೋಡಿದ್ದು.”

“ಅದೇ ತಪ್ಪು,” ಎಂದಳು ಅಜ್ಜಿ. “ನೀವು ಬರೋ ಮುಂಚೆ ನೆಲ ಹೊಳೀತಿರುತ್ತೆ. ಯಾರು ಒರೆಸಿದ್ದು ಅಂತ ಒಬ್ಬರಾದ್ರೂ ಕೇಳಿದ್ರೆ ಒಂದೇ ವಾರದಲ್ಲಿ ಮುಗೀತಿತ್ತು. ಇಡೀ ಕಟ್ಟಡದಲ್ಲಿ ಯಾಕೆ ಅಂತ ಕೇಳಿದವಳು ಇವಳೊಬ್ಬಳು. ಅವಳನ್ನೇ ಮನೆಗೆ ಕಳಿಸ್ತೀಯಾ?”

ಎದ್ದಿದ್ದ ಮ್ಯಾನೇಜರ್ ಕೂತ. ಮೇಷ್ಟ್ರು ಹಾಳೆಯನ್ನು ಕಪಾಟಿನಿಂದ ತಾವೇ ಕಿತ್ತು ಹರಿದರು, ಗುಂಡಿ ಒತ್ತಿ ಅಪ್‌ಡೇಟ್ ಹೊರಬಿಟ್ಟರು. ತಂಗಿ ಅಲ್ಲೇ ತನ್ನ ಲ್ಯಾಪ್‌ಟಾಪ್ ತೆರೆದು ಅದನ್ನು ಇಳಿಸಿಕೊಂಡಳು. ಹದಿನಾಲ್ಕು ತಿಂಗಳ ಹಿಂದೆ ಪ್ರೋಗ್ರಾಮಿನ ನಡುವೆ ತನಗಾಗಿ ಬರೆದಿಟ್ಟಿದ್ದ ಟಿಪ್ಪಣಿಯ ಮೇಲೆ ಕರ್ಸರ್ ನಿಲ್ಲಿಸಿದಳು. ಎಡಿಟರ್ ಒಂದೇ ಉಸಿರಿನಲ್ಲಿ ಓದಿತು:

“ಧ್ವನಿ ಬಂದ ಮೇಲೆ ಇಲ್ಲಿಂದ ಮುಂದುವರಿಸು.”

ಟೈಲರ್ ಮುಖ ಆಚೆ ತಿರುಗಿಸಿಕೊಂಡ. ಮನೆಗೆ ಹೋಗೋಣವೇ ಎಂದು ಕೇಳಿದರೆ ತಂಗಿ ಕೈ ಬೀಸಿ ಸುಮ್ಮನಿರಿಸಿದಳು. ಬೆರಳುಗಳು ಆಗಲೇ ಓಡುತ್ತಿದ್ದವು. ಶುಕ್ರವಾರ ಸಂಜೆಗೆ ಇನ್ನೂ ಒಂದು ಹಗಲಿತ್ತು.

ಗುಡಿಸುವಾಕೆ ಮೇಜಿನ ಮೇಲಿದ್ದ ಒಂಬತ್ತು ತೂತಿನ ಚೀಟಿಯನ್ನು ಎತ್ತಿಕೊಂಡಳು. ಈ ಸಲ ಯಾರನ್ನೂ ಕೇಳಲಿಲ್ಲ. ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಿದಳು.