ಕೆಂಪು ನೀರು ಕಂಡವಳು

"ಬಂತಾ? ಬಣ್ಣ ಬಂತಾ?"

ದಂಡೆಯ ಮೇಲಿಂದ ಓಡೋಡಿ ಬರುತ್ತಿದ್ದವನು ಕೂಗಿದ. ಕಮ್ಷಾತ್ ತಲೆ ಎತ್ತಲಿಲ್ಲ. ಅವಳ ಬೂಟಿನ ಸುತ್ತ ನೀರು ಕೆಂಪಗೆ ಸುಳಿಯುತ್ತಿತ್ತು...

ಸಾರಿಕಾಮಿಸ್ ಕೆರೆಗೆ ಸೋಪಿನ ನೊರೆ ಎಲ್ಲಿಂದ ಬರುತ್ತಿದೆ ಎಂದು ಪತ್ತೆಹಚ್ಚಲು ನಗರಾಡಳಿತ ಹೂಡಿದ ಉಪಾಯ ಅದು. ಒಂದೊಂದೇ ಮನೆಯ ಮೋರಿಗೆ ಕೆಂಪು ಬಣ್ಣ ಸುರಿಯುವುದು, ಶನಿವಾರದ ಶ್ರಮದಾನಕ್ಕೆ ಬರುವ ಜನ ಕೆರೆಯಲ್ಲಿ ಪೈಪಿನ ಬಾಯಿ ಕಾಯುವುದು. ಆ ಜನಕ್ಕೆಲ್ಲ ಮುಂದಾಳು ಕಮ್ಷಾತ್. ಕೆರೆ ಗಲೀಜು ಮಾಡುವವರಿಗೆ ನಾಚಿಕೆ ಆಗಬೇಕು ಎಂದು ಮಾರುದ್ದ ಭಾಷಣ ಬಿಗಿಯುವವಳೂ ಅವಳೇ!

ಈಗ ಬಣ್ಣ ಸುರಿದದ್ದು ಅವಳದೇ ಮನೆಯ ಮೋರಿಗೆ. ತಾಯಿ ಝಿಲಿಖಾ ಅಂಗಳದಲ್ಲಿ ಊರವರ ರತ್ನಗಂಬಳಿ ತೊಳೆದು ಅವಳನ್ನು ಓದಿಸಿದ್ದಳು. ಆ ಸೋಪುನೀರೆಲ್ಲ ಹರಿಯುತ್ತಿದ್ದದ್ದು ಅದೇ ಮೋರಿಗೆ.

'ಅಯ್ಯೋ ದೇವರೇ... ನಮ್ಮಮ್ಮನ ನೀರಾ?'

ಕಮ್ಷಾತ್ ಬೂಟಿನಿಂದ ಕೆಸರು ಕಲಕಿಬಿಟ್ಟಳು.

"ಏನೂ ಬರ್ಲಿಲ್ಲ."

ಓಡಿ ಬಂದವನು ಬೆರ್ದಿಬೆಕ್, ಕೆರೆಗಳ ವಿಭಾಗದ ಹೊಸ ಅಧಿಕಾರಿ. ಏದುಸಿರು ಬಿಡುತ್ತಾ ಅವಳನ್ನೇ ನೋಡಿದ.

"ಖಂಡಿತಾನಾ?"

"ನಂಬಿಕೆ ಇಲ್ದಿದ್ರೆ ನೀವೇ ಬಂದು ನಿಂತ್ಕೊಳ್ಳಿ ಈ ತಣ್ಣೀರಲ್ಲಿ!"

ಅವನು ಸುಮ್ಮನೆ ಕೈ ಚಾಚಿ ಅವಳನ್ನು ದಂಡೆಗೆ ಹತ್ತಿಸಿಕೊಂಡ. ಆ ಬೆಚ್ಚನೆಯ ಕೈ ಹಿಡಿದಾಗ ಅವಳ ಎದೆ ಝಲ್ಲೆಂದಿತು. ಒಂದು ಸುಳ್ಳು ಹೇಳಿದ ಗಳಿಗೆಯಲ್ಲೇ ಮನಸ್ಸು ಹೀಗಾಗಬೇಕೇ!

ಉಳಿದದ್ದು ಪಕ್ಕದ ಮನೆ, ಬೀದಿಯವರೆಲ್ಲ ಅತಾ, ಅಂದರೆ ಅಜ್ಜ, ಎಂದು ಕರೆಯುವ ಮುದುಕ ಕಬ್ದೆನ್ ಅವರ ಸ್ನಾನಗೃಹ. ಬೀದಿಯವರೆಲ್ಲ ಬಿಸಿ ಹಬೆಯಲ್ಲಿ ಕೂತು ಮೈ ಕಾಯಿಸುತ್ತಿದ್ದ ಜಾಗ. ಅದರ ಮೋರಿ ನೆಲದಡಿ ಹೂತಿತ್ತು, ಬಣ್ಣ ಸುರಿಯಲು ದಾರಿಯಿರಲಿಲ್ಲ. ಬೇರೆ ಯಾವ ಮನೆಯದೂ ಅಲ್ಲವೆಂದ ಮೇಲೆ ಇದೇ ಇರಬೇಕೆಂದು ಬಾಗಿಲಿಗೆ ಬೀಗಮುದ್ರೆ ಬಿತ್ತು.

ಕಮ್ಷಾತ್ ಅಂದೇ ತಾಯಿಗೆ, "ಅಮ್ಮಾ, ಮೋರಿ ಒಡೆದಿದೆ, ರಿಪೇರಿ ಮಾಡಿಸೋಣ" ಎಂದಷ್ಟೇ ಹೇಳಿ ಅದನ್ನು ಊರಿನ ಒಳಚರಂಡಿಗೆ ಸೇರಿಸಿಬಿಟ್ಟಳು. ನೊರೆ ನಿಂತಿತು. ಅಲ್ಲಿಗೆ ಅತಾರ ತಪ್ಪೇ ಎಂದು ಇಡೀ ದಂಡೆ ತೀರ್ಮಾನಿಸಿತು. ಜನ ಅವರಿಗೆ ಸಲಾಂ ಹೇಳುವುದನ್ನೂ ಬಿಟ್ಟರು.

ಆದರೆ ಅವಳ ನಿದ್ದೆಗೆಡಿಸಿದ್ದು ಬೇರೆಯೇ. ಅತಾ ಯಾರನ್ನೂ ದೂರಲಿಲ್ಲ. ಶನಿವಾರ ಎಲ್ಲರಿಗಿಂತ ಮುಂಚೆ ಬಂದು, ಅತಿ ಕೊಳಕು ಜಾಗ ಆರಿಸಿಕೊಂಡು, ಕಸ ಎತ್ತುತ್ತಿದ್ದರು. ಒಮ್ಮೆ ಅವಳನ್ನು ಕಂಡು ತಲೆ ತಗ್ಗಿಸಿದರು.

"ನನ್ನ ಹಳೇ ಪೈಪೇ ಮಗಳೇ... ಎಲ್ಲಿ ಒಡೆದಿದೆ ಅಂತ ಅಂಗಳ ಅಗೀತಾ ಇದ್ದೀನಿ. ನಾಚಿಕೆ ಆಗುತ್ತೆ ನಿಂಗೆ ಮುಖ ತೋರ್ಸೋಕೆ."

'ನನಗಾ? ಅತಾ, ನನಗಾ?'

ಅವಳು ಕಸದ ಚೀಲ ಎತ್ತಿಕೊಂಡು ಆಚೆ ನಡೆದುಬಿಟ್ಟಳು. ಅಮ್ಮನ ಅಂಗಳಕ್ಕೂ ಬೀಗ ಬಿದ್ದರೆ? ಬೆರ್ದಿಬೆಕ್ ಮುಖ ತಿರುಗಿಸಿದರೆ?

ಅವನಂತೂ ಏನಾದರೂ ನೆವ ಹೇಳಿಕೊಂಡು ಮನೆಗೆ ಬರುತ್ತಿದ್ದ. ಚಹಾ ಕುಡಿಯುತ್ತಿದ್ದ, ನಗಿಸುತ್ತಿದ್ದ. ಸ್ನಾನಗೃಹದ ಮುಂದೆ ಹಾದಾಗ ಮಾತ್ರ ಅವನ ಮಾತು ನಿಂತುಹೋಗುತ್ತಿತ್ತು.

'ಗೊತ್ತಾಗಿದೆಯಾ? ಒಳಗೊಳಗೇ ಅಸಹ್ಯಪಡ್ತಿದ್ದಾನಾ?'

ಹಾಗೇನೂ ಇರಲಿಕ್ಕಿಲ್ಲ. ಬೇಸಿಗೆ ಮುಗಿಯುವಷ್ಟರಲ್ಲಿ ಅವನ ತಾಯಿ ಬೆಳ್ಳಿಯ ಓಲೆ ಹಿಡಿದು ಬಂದಳು! ಅತ್ತೆಯಾಗುವವಳು ಕಿವಿಗೆ ಓಲೆ ತೊಡಿಸಿದರೆ ಹುಡುಗಿ ಆ ಮನೆಗೆ ಸೇರಿದಂತೆ. ಮಾಂಸ ಬೆಂದು ಘಮಘಮಿಸುತ್ತಿತ್ತು. ನೆಂಟರು ನಗುತ್ತಿದ್ದರು. ಓಲೆ ಕಿವಿಯ ಹತ್ತಿರ ಬಂತು...

ಕಮ್ಷಾತ್ ಆ ಕೈ ಹಿಡಿದುಕೊಂಡಳು.

"ಬೇಡಿ... ನಾನು ಇದಕ್ಕೆ ಯೋಗ್ಯಳಲ್ಲ! ಅವತ್ತು ಬಣ್ಣ ಬಂದಿತ್ತು. ನಮ್ಮನೆ ನೀರೇ ಅದು. ಸುಳ್ಳು ಹೇಳ್ದೆ!"

ಝಿಲಿಖಾಳ ಕೈಯಿಂದ ಸೌಟು ಜಾರಿತು. ಬೆರ್ದಿಬೆಕ್ ಎದ್ದು ನಿಂತ. ಅವನ ಮುಖವೂ ಬಿಳುಚಿತ್ತು.

"ನಂಗೆ ಗೊತ್ತಿತ್ತು."

"...ಏನು?"

"ನಿಮ್ಮ ಬೂಟಿನ ಮೇಲೆ ಕೆಂಪು ಗೆರೆ ಇತ್ತು. ನೀವೇ ಹೇಳ್ತೀರಿ ಅಂತ ಕಾದೆ. ಆಮೇಲೆ... ನಿಮ್ಮನ್ನ ಕಳ್ಕೊಳ್ಳೋ ಭಯ. ಬೀಗಮುದ್ರೆ ಹಾಕಿದ್ದು ಇದೇ ಕೈ, ಕಮ್ಷಾತ್."

"ಗೊತ್ತಿದ್ದೂ ಹಾಕಿದ್ರಾ?" ಅವಳಿಗೆ ಸಿಟ್ಟು ನೆತ್ತಿಗೇರಿತು. "ಮುದುಕರು ಒಬ್ಬರೇ ಅಂಗಳ ಅಗೀತಿದ್ರೆ ನೋಡ್ತಾ ಇದ್ರಾ?"

"ನೀವು ನೋಡ್ತಾ ಇರ್ಲಿಲ್ವಾ?"

ಝಿಲಿಖಾ ತಲೆವಸ್ತ್ರ ಬಿಗಿದುಕೊಂಡಳು.

"ಜಗಳ ಆಮೇಲೆ ಆಡ್ಕೊಳ್ಳಿ. ನಡೀರಿ ಪಕ್ಕದ್ಮನೆಗೆ!"

ಅತಾ ಅಗೆದ ಮಣ್ಣಿನ ರಾಶಿಯ ಮೇಲೆ ಕೂತು ಎಲ್ಲ ಕೇಳಿದರು.

"ಹಾಗಾದ್ರೆ ನನ್ನ ಪೈಪು ಚೆನ್ನಾಗೇ ಇತ್ತು..." ಅವರು ಸನಿಕೆ ಕೆಳಗಿಟ್ಟರು. "ನಾನೂ ನನ್ನ ಹೆಂಡ್ತಿನೂ ಸೇರಿ ಹಾಕಿದ್ದು ಅದು. ಸಮಾಧಿ ಮುಂದೆ ನಿಂತು ಅವಳ್ನೂ ಬೈದ್ಬಿಟ್ಟೆನಲ್ಲೇ!"

ಕಮ್ಷಾತ್ ಅವರ ಕಾಲ ಬಳಿ ಕುಸಿದು ಬಿಕ್ಕಿದಳು.

"ಅಳ್ಬೇಡ. ನನ್ನ ಕಿವೀಲಿ ಹೇಳಿದ್ರೆ ಸಾಲ್ದು. ಶನಿವಾರ ಎಲ್ಲರ ಮುಂದೆ ಹೇಳಿ. ಇಬ್ಬರೂ."

ಹೇಳಿದರು. ಭಾಷಣ ಬಿಗಿಯುತ್ತಿದ್ದ ಅದೇ ದಂಡೆಯ ಮೇಲೆ ನಿಂತು, ತಡವರಿಸುತ್ತಾ ಹೇಳಿದರು. ಕೆಲವರು ಕೈಗವಸು ಕಿತ್ತೆಸೆದು ಹೊರಟೇಹೋದರು. ಕಮ್ಷಾತ್ ಮುಂದಾಳತ್ವ ಬಿಟ್ಟಳು. ಬೆರ್ದಿಬೆಕ್ ಕಚೇರಿಯಲ್ಲೂ ತಪ್ಪೊಪ್ಪಿಕೊಂಡ. ಸ್ನಾನಗೃಹದ ಬಾಗಿಲು ತೆರೆಯಿತು, ಅವನ ಹುದ್ದೆ ಹೋಯಿತು.

ಆದರೂ ಮುಂದಿನ ಶನಿವಾರ ಅವನು ಬಂದ. ಕುಂಟೆ ಹಿಡಿದು, ಜೊಂಡಿನ ನಡುವೆ, ಅವಳ ಪಕ್ಕದಲ್ಲೇ ನಿಂತ.

"ಕಮ್ಷಾತ್..."

"ಹ್ಞೂಂ."

"ಇನ್ನೂ ತಲೆ ಎತ್ತೋಕೆ ಆಗ್ತಿಲ್ವಾ?"

"ಇಲ್ಲ. ನಾಚಿಕೆ ಆಗುತ್ತೆ. ನಿಮಗೆ?"

"ನಂಗೂ." ಕುಂಟೆ ನೆಲಕ್ಕೂರಿ ಕೇಳಿದ. "ಹಾಗಾದ್ರೆ... ಜೊತೆಗೇ ತಲೆ ತಗ್ಗಿಸ್ಕೊಂಡಿರೋಣ್ವಾ? ಜೀವನ ಪೂರ್ತಿ?"

ಅವಳಿಗೆ ಅಳುವಿನ ನಡುವೆಯೇ ನಗು ಬಂತು. "ಹೀಗೂ ಯಾರಾದ್ರೂ ಮದುವೆಗೆ ಕೇಳ್ತಾರಾ!"

"ಉತ್ತರ ಹೇಳಿ."

"ಮೊದ್ಲು ಅತಾ ಅಗೆದಿರೋ ಅಂಗಳ ಮುಚ್ಚಿಕೊಡೋಣ. ಆಮೇಲೆ ಇನ್ನೊಂದ್ಸಲ ಕೇಳಿ."

"ಸನಿಕೆ ಇದ್ಯಾ?"

ಅವಳು ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಎರಡಿದೆ. ಬನ್ನಿ."