ಐದನೇ ಗೇರಿನ ದೂರು

ಫೆಬ್ರವರಿ ಮೂರು, ಸೋಮವಾರ ಬೆಳಿಗ್ಗೆ ಹತ್ತೂ ಕಾಲು. ಮದ್ದೂರು ಠಾಣೆಗೆ ಬಂದ ಅರುಂಧತಿ ಬೆಸಗರಹಳ್ಳಿಯವರು, ಮಳವಳ್ಳಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದರು. ಸಬ್ ಇನ್ಸ್‌ಪೆಕ್ಟರ್ ಕುಸುಮ ಎದುರಿನ ಕುರ್ಚಿ ತೋರಿಸಿದಳು.

"ನನ್ನ ಕಾರಿನ ಗೇರ್‌ಬಾಕ್ಸ್ ಕಳುವಾಗಿದೆ ಮೇಡಂ."

"ಕಾರು ಓಡಿಸಿಕೊಂಡೇ ಬಂದ್ರಲ್ಲ?"

"ಆ ಜಾಗದಲ್ಲಿ ಬೇರೆಯದು ಕೂತಿದೆ. ಮೊದಲು ಐದನೇ ಗೇರಿನಲ್ಲಿ ಎಂಬತ್ತಕ್ಕೆ ಹೋದರೆ ಎಂಜಿನ್ನು ನಿಮಿಷಕ್ಕೆ ಎರಡು ಸಾವಿರದ ಆರುನೂರು ಸುತ್ತು ಸುತ್ತುತ್ತಿತ್ತು. ಈಗ ಮೂರು ಸಾವಿರದ ಮುನ್ನೂರು."

ಬಾಗಿಲಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೆಬಲ್ ಸಿದ್ದರಾಮು ಹದಿನೆಂಟು ವರ್ಷ ಇಲಾಖೆಯ ಜೀಪು ಓಡಿಸಿದವನು. "ಏರು ಅತ್ತೋಕೆ ಈಗ ಸಲೀಸಾ ಅಮ್ಮ?" ಎಂದು ಕೇಳಿದ.

"ಹೌದು. ಆದರೆ ಹೈವೇನಲ್ಲಿ ಅರಚಿಕೊಳ್ಳುತ್ತೆ."

"ಅಂಗಾದ್ರೆ ಗೇರೇ ಬೇರೆ ಐತೆ, ಅವರು ಯೋಳ್ತಿರೋದು ದಿಟ ಮೇಡಂ."

ಕುಸುಮ ಎಫ್‌ಐಆರ್ ದಾಖಲಿಸಿದಳು. ಸಂಜೆ ನಾಲ್ಕಕ್ಕೆ ಇಬ್ಬರು ಪಂಚರನ್ನು ಹಿಂದೆ ಕೂರಿಸಿಕೊಂಡು ಸಿದ್ದರಾಮು ಕಾರು ಓಡಿಸಿದ. ಎಂಬತ್ತಕ್ಕೆ ಸೂಜಿ ಮೂರು ಸಾವಿರದ ಮುನ್ನೂರರಲ್ಲೇ ನಿಂತಿತು. ಪಂಚನಾಮೆಯಲ್ಲಿ ಇಂಥ ಸಂಗತಿ ಬರೆಯುತ್ತಿದ್ದುದು ಕುಸುಮಳಿಗೆ ಇದೇ ಮೊದಲು. ಅವಳಿಗೆ ಒಳಗೊಳಗೇ ಖುಷಿಯಾಯಿತು.

ಮಂಗಳವಾರ ಕಾರನ್ನು ಮೇಲೆತ್ತಿಸಿ ನೋಡಿದರು. ಗೇರ್‌ಬಾಕ್ಸ್ ಮೇಲಿನ ನಂಬರು ಮಾರಾಟಗಾರರ ದಾಖಲೆಗೆ ಹೊಂದಲಿಲ್ಲ. ಅದೇ ಕಾರಿನ ಹಳೆಯ ಮಾದರಿಯದು ಅದು.

"ಕಾರನ್ನ ಕೊನೆಗೆ ಬಿಚ್ಚಿದ್ದು ಯಾರು?"

"ಕ್ಲಚ್ ಪ್ಲೇಟ್ ಹಾಕೋಕೆ ಸೋಮನಹಳ್ಳಿಯ ಶಿವರಾಜು," ಎಂದರು ಅರುಂಧತಿ. "ಒಳ್ಳೇ ಕೆಲಸಗಾರ. ಅವರ ಮೇಲೆ ಅನುಮಾನ ಪಡೋಕೂ ಮನಸ್ಸು ಬರಲ್ಲ."

ಬುಧವಾರ ಎಂಟೂವರೆಗೆ ಗ್ಯಾರೇಜಿಗೆ ಹೋದಾಗ ಶಿವರಾಜು ಇರಲಿಲ್ಲ. ಹೆಂಡತಿ ಚಲುವಮ್ಮ ಅಂಗಳ ಗುಡಿಸುತ್ತಿದ್ದಳು.

"ನಿಮ್ಮ ಯಜಮಾನ್ರು ಎಲ್ಲಿ?"

"ಕೆಂಪು ಕಾರು ತಕ್ಕಂಡು ಮಳವಳ್ಳಿ ಕಡೀಕೆ ಓದ್ರು ಕಣಮ್ಮ. ಎಲ್ಡು ವರ್ಸದಿಂದ ಆ ಹಳೇ ಕಾರಿನ ಎಂಜಿನ್ನು ಬಿಚ್ಚಾದು, ಕಟ್ಟಾದು. ಇವತ್ತು ಓಡ್ಸಿ ನೋಡೇ ಬುಡ್ತೀನಿ ಅಂದ್ರು."

"ಎಷ್ಟು ಜೋರಾಗಿ?"

ಚಲುವಮ್ಮ ಪೊರಕೆ ಕೆಳಗಿಟ್ಟಳು. "ನೂರ ಎಂಬತ್ತೈದಂತೆ. ಅದ ಕೇಳಿ ನಂಗೂ ದಿಗಿಲಾಗೈತೆ."

ಕುಸುಮ ಮಳವಳ್ಳಿ ಠಾಣೆಗೆ ಫೋನು ಮಾಡಿ ತಿಳಿಸಿದಳು. ಮಳವಳ್ಳಿ ದಾಟಿ ಶಿವನಸಮುದ್ರದ ಕಡೆ ಎರಡು ಮೈಲಿ ನೇರ ರಸ್ತೆ ಇರುವುದು ಸಿದ್ದರಾಮುವಿಗೆ ಗೊತ್ತಿತ್ತು. ಆ ಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಹೊತ್ತವರೂ ದನ ಹೊಡೆದುಕೊಂಡು ಹೋಗುವವರೂ ಅಲ್ಲಿ ಓಡಾಡುತ್ತಾರೆ. ಪಂಚರನ್ನೂ ಕರೆದುಕೊಂಡು ಇಬ್ಬರೂ ಜೀಪಿನಲ್ಲಿ ಅತ್ತ ಹೊರಟರು.

ಹತ್ತೂ ಹತ್ತಕ್ಕೆ ಕೆಂಪು ಕಾರು ಕಂಡಿತು. ಒಂದು ಗೀರೂ ಬೀಳದೆ ಹುಣಸೆ ಮರದಡಿ ನಿಂತಿತ್ತು. ಪಕ್ಕದಲ್ಲಿ ಕೂತಿದ್ದ ನಲವತ್ತಾರರ ಶಿವರಾಜುವಿಗೆ ಮುದುಕಿಯೊಬ್ಬಳು ಚೊಂಬಿನಲ್ಲಿ ನೀರು ಕೊಡುತ್ತಿದ್ದಳು. ಚಿಕ್ಕಬೋರಮ್ಮ ಅವಳ ಹೆಸರು. ಸೊಪ್ಪಿನ ಹೊರೆ ರಸ್ತೆಯ ಬದಿಗೆ ಚೆಲ್ಲಿತ್ತು.

"ಕಾರು ಒಂದು ಮಾರು ಅತ್ಲಾಗಿ ಓಯ್ತು ಕಣವ್ವ," ಅಂದಳು ಮುದುಕಿ. "ನಂಗೇನೂ ಆಗಿಲ್ಲ. ಇವನ್ನ ಬೋದು ಬೋದು ನಂಗೇ ಸಾಕಾಯ್ತು. ಈಗ ನೀರು ಕುಡುಸ್ತಾ ಇವ್ನಿ."

ಕುಸುಮ ಶಿವರಾಜುವಿನ ಕಡೆ ತಿರುಗಿದಳು. ಕಾರಿನತ್ತ ಕೈ ತೋರಿಸಿದಳು. "ಗೇರ್‌ಬಾಕ್ಸ್ ಯಾರದು?"

"ಅರುಂಧತಿ ಮೇಡಂದು." ಅವನು ತಲೆ ಎತ್ತಲಿಲ್ಲ.

"ಯಾಕೆ ತೆಗೆದೆ?"

"ನನ್ನ ಹಳೇ ಗೇರಲ್ಲಿ ನೂರ ನಲವತ್ತೈದಕ್ಕೆ ಸುತ್ತಿನ ಸೂಜಿ ಕೆಂಪು ಗೆರೆ ಮುಟ್ಟುದ್ರೆ ಮುಗೀತು ಮೇಡಂ. ಎಂಜಿನ್ನಲ್ಲಿ ಇನ್ನೂ ಸಕ್ತಿ ಐತೆ, ಗೇರೇ ಸಾಲ್ದು. ಅವರ ಗೇರಾಕುದ್ರೆ ಅದೇ ಸುತ್ತಿಗೆ ನೂರ ಎಂಬತ್ತೈದು ಬರ್ಬೇಕು. ಲೆಕ್ಕ ಮಾಡಿವ್ನಿ."

"ಬಂತಾ?"

"ಇಲ್ಲ. ನೂರ ಐವತ್ಮೂರಕ್ಕೆ ನಿಂತೋಯ್ತು. ಎಷ್ಟು ತುಳುದ್ರೂ ಏಳ್ಲಿಲ್ಲ. ಮುಂದಿನ ಚಕ್ರ ನೆಲಾನೇ ಇಡೀದಂಗೆ ಸ್ಟೇರಿಂಗು ಹಗುರಾಗೋಯ್ತು. ಆಗ ಅಜ್ಜಿ ಕಾಣಿಸ್ತು, ಕಾಲು ತೆಗೆದೆ."

ಅವನ ಜೇಬಿನಲ್ಲಿದ್ದ ನೋಟುಪುಸ್ತಕವನ್ನು ಕುಸುಮ ಪಂಚರ ಎದುರು ವಶಪಡಿಸಿಕೊಂಡಳು. ಚಿಕ್ಕಬೋರಮ್ಮನ ಹೇಳಿಕೆ ಬರೆದುಕೊಂಡು, ಹೊರೆ ಕಟ್ಟಿ ತಲೆಗೆ ಹೊರಿಸಿದರು. ಹನ್ನೊಂದು ಗಂಟೆಗೆ ಶಿವರಾಜುವನ್ನು ಬಂಧಿಸಿದಳು. ಅವನ ಮೇಲೆ ಹಾಕಿದ ಕಲಂಗಳು ಎರಡು, ನಂಬಿಕೆ ದ್ರೋಹ ಮತ್ತು ನಿರ್ಲಕ್ಷ್ಯದ ಚಾಲನೆ.

ಮಧ್ಯಾಹ್ನ ಠಾಣೆಗೆ ಬಂದ ಅರುಂಧತಿ ಆ ಪುಸ್ತಕ ತಿರುವಿದರು. ಗೇರಿನ ಹಲ್ಲಿನ ಎಣಿಕೆ, ಟೈರಿನ ಸುತ್ತಳತೆ, ಪುಟಗಟ್ಟಲೆ ಭಾಗಾಕಾರ.

"ಎಷ್ಟನೇ ಕ್ಲಾಸು ಓದಿದ್ದೀರಿ?"

"ಏಳು. ಇಪ್ಪತ್ತೈದು ವರ್ಸ ಕಂಡೋರ ಕಾರು ರಿಪೇರಿ ಮಾಡಿವ್ನಿ ಮೇಡಂ. ನಾನೇ ಕಟ್ಟಿದ್ದೊಂದು ಎಷ್ಟು ಓಡ್ತದೆ ಅಂತ ನೋಡ್ಬೇಕಿತ್ತು. ತಪ್ಪು ನಂದೇ. ಲೆಕ್ಕ ಎಲ್ಲಿ ತಪ್ಪದೆ?"

"ಗುಣಾಕಾರ ಭಾಗಾಕಾರ ಎಲ್ಲ ಸರಿ ಇದೆ. ಗಾಳಿ ಬಿಟ್ಟುಹೋಗಿದೆ. ನೂರ ನಲವತ್ತೈದರಿಂದ ನೂರ ಎಂಬತ್ತೈದಕ್ಕೆ ಹೋಗಲು ಗಾಳಿ ಸೀಳೋದಕ್ಕೇ ಎರಡರಷ್ಟು ಶಕ್ತಿ ಬೇಕು. ನಿಮ್ಮ ಎಂಜಿನ್ನಲ್ಲಿ ಅಷ್ಟಿಲ್ಲ. ಗೇರು ಬದಲಿಸಿದರೆ ಶಕ್ತಿ ಹುಟ್ಟಲ್ಲ."

ಶಿವರಾಜು ಬಗ್ಗಿ ಪುಸ್ತಕದ ಕೊನೆಯ ಲೆಕ್ಕ ಮತ್ತೆ ನೋಡಿದ. ಆಮೇಲೆ ಅವನ ಮುಖ ಸಡಿಲಾಯಿತು. ಕುಸುಮ ಕೇಸ್ ಡೈರಿ ತೆರೆದು, ಉದ್ದೇಶದ ಜಾಗದಲ್ಲಿ ಲಾಭದಾಸೆ ಎಂದು ಬರೆದಳು. ಅದನ್ನು ಹೊಡೆದುಹಾಕಿ, ತಾನು ಕಟ್ಟಿದ ಕಾರಿನ ಗರಿಷ್ಠ ವೇಗ ತಿಳಿಯುವ ಆಸೆ ಎಂದು ತಿದ್ದಿದಳು.

ಮೂರು ಗಂಟೆಗೆ ನ್ಯಾಯಾಲಯಕ್ಕೆ ಹೊರಟ ಜೀಪು ಹತ್ತುವ ಮುನ್ನ ಶಿವರಾಜು ತಿರುಗಿ ನಿಂತ.

"ಮೇಡಂ, ನಾಲ್ಕನೇ ಗೇರಲ್ಲೇ ಬುಟ್ಟಿದ್ರೆ ಇನ್ನೊಂದೀಟು ಓಗ್ತಿತ್ತಾ?"

ಅರುಂಧತಿ ಯೋಚಿಸಿದರು. "ಗಂಟೆಗೆ ಒಂದೆರಡು ಕಿಲೋಮೀಟರ್ ಹೆಚ್ಚು ಹೋಗ್ತಿತ್ತೇನೋ," ಎಂದರು. "ಆದರೆ ಇನ್ನು ಕಾಗದದ ಮೇಲೇ ಓಡಿಸಿ. ಬೇಲ್ ಸಿಕ್ಕಿದ ಮೇಲೆ ನನ್ನ ಗೇರ್‌ಬಾಕ್ಸ್ ನೀವೇ ಕೂರಿಸಿಕೊಡಬೇಕು, ಬೇರೆಯವರಿಗೆ ಕೊಡಲ್ಲ."