ಏಳು ಹೇಳಿಕೆ, ಎರಡು ಗುಟುಕು ಚಾ

ನವೆಂಬರ್ 11, ಸೋಮವಾರ ಬೆಳಿಗ್ಗೆ 10.20ಕ್ಕೆ ಸಿದ್ದಾಪುರ ಠಾಣೆಗೆ ಬಂದ ದೂರಿನಲ್ಲಿ ಕಳುವಾದ ವಸ್ತುವಿನ ವಿವರ ಹೀಗಿತ್ತು: ಕಪ್ಪು ಬಣ್ಣದ ಹಾರ್ಡ್‌ಡಿಸ್ಕ್ ಒಂದು, ಅಂಗೈ ಅಗಲದ್ದು, ಬೆನ್ನ ಮೇಲೆ ಬಿಳಿ ಪಟ್ಟಿ, ಪಟ್ಟಿಯ ಮೇಲೆ ‘ಮುರುಗಲಕೇರಿ ಹಿರಿಯರು’ ಎಂದು ಬರಹ.

ಸಬ್ ಇನ್‌ಸ್ಪೆಕ್ಟರ್ ಪರಮೇಶ್ವರಪ್ಪ ಅದನ್ನು ಎರಡು ಸಲ ಓದಿದರು. ಹಾವೇರಿ ಕಡೆಯಿಂದ ವರ್ಗವಾಗಿ ಬಂದವರು. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಎಮ್ಮೆ ಹುಡುಕಿದ್ದರು, ಗಂಧದ ತುಂಡು ಹುಡುಕಿದ್ದರು, ಒಮ್ಮೆ ಮದುವೆ ಮನೆಯ ಜನರೇಟರನ್ನೂ ಹುಡುಕಿದ್ದರು. ಹಿರಿಯರು ಕಳುವಾದದ್ದು ಇದೇ ಮೊದಲು.

“ಕೂಡ್ರಿ. ಇದರಾಗ ಏನಿತ್ತು?”

ದೂರು ತಂದವಳು ತನುಜಾ ನಾಯ್ಕ, ಕೋಲಸಿರ್ಸಿಯಿಂದ ಒಳಗಿರುವ ಮುರುಗಲಕೇರಿಯ ಅರಣ್ಯ ಹಕ್ಕು ಸಮಿತಿಯ ಅಧ್ಯಕ್ಷೆ. “ಏಳು ಮಂದಿ ಹಿರಿಯರ ಹೇಳಿಕೆ ಸರ್, ವಿಡಿಯೋ. ಮೂರು ತಲೆಮಾರಿಂದ ಅರಣ್ಯದ ಜಾಗದಲ್ಲೇ ಗದ್ದೆ ಮಾಡ್ಕಂಡು ಇದ್ದವು ಅನ್ನೂಕೆ ನಮ್ಮತ್ರ ಕಾಗದ ಎಂತದೂ ಇಲ್ಲ. ನಲವತ್ತೆರಡು ಮನೆಗೂ ಆ ಹೇಳಿಕೆನೇ ಸಾಕ್ಷಿ. ಇಪ್ಪತ್ತೇಳಕ್ಕೆ ಶಿರಸಿಯಲ್ಲಿ ವಿಚಾರಣೆ ಅದೆ.”

“ಇನ್ನೊಮ್ಮೆ ಹೇಳಿಕಿ ತಗೊಂಡ್ರಾತಲ್ಲ.”

“ಮೂರು ಮಂದಿ ತೀರ್ಕಂಡ್ರು. ಅವರತ್ರ ಯಾರು ಹೋಗಿ ತಗಂಬರೂದು ಸರ್?”

ಪರಮೇಶ್ವರಪ್ಪ ಪೆನ್ನಿನ ಮುಚ್ಚಳ ತೆಗೆದರು.

ಸಮಿತಿಯ ಲ್ಯಾಪ್‌ಟಾಪು ಆಮೆಯಂತಾಗಿತ್ತು ಎಂದಳು ತನುಜಾ. ಆರನೇ ತಾರೀಕು ಪೇಟೆಯ ಉಲ್ಲಾಸನ ಕಂಪ್ಯೂಟರ್ ಅಂಗಡಿಯಲ್ಲಿ ಎಲ್ಲವನ್ನೂ ಡಿಸ್ಕಿಗೆ ಬ್ಯಾಕಪ್ ತೆಗೆದು, ಲ್ಯಾಪ್‌ಟಾಪನ್ನು ಫ್ಯಾಕ್ಟರಿ ರೀಸೆಟ್ ಮಾಡಿಸಿದ್ದಾಯಿತು. ಡಿಸ್ಕು ಸಮಿತಿಯ ಕಪಾಟಿನಲ್ಲಿತ್ತು. ಭಾನುವಾರ, ಹತ್ತನೇ ತಾರೀಕು ತೆಗೆದು ನೋಡಿದರೆ ಇಲ್ಲ.

“ಫ್ಯಾಕ್ಟರಿ ರೀಸೆಟ್,” ಎಂದು ಪರಮೇಶ್ವರಪ್ಪ ತಿಳಿದವರಂತೆ ತಲೆಯಾಡಿಸಿದರು. ಅವರ ಕಣ್ಣ ಮುಂದೆ ಬಂದದ್ದು ರಾಣೆಬೆನ್ನೂರಿನ ಒಂದು ಹತ್ತಿ ಗಿರಣಿ. ಪಕ್ಕದಲ್ಲಿದ್ದ ಕಾನ್‌ಸ್ಟೆಬಲ್ ಪರಿಮಳಾ ಭೈರುಂಬೆಯವಳು, ಕಂಪ್ಯೂಟರ್ ಡಿಪ್ಲೊಮಾ ಓದಿ ಪೊಲೀಸ್ ಆದವಳು. “ಒಳಗಿರೋದೆಲ್ಲ ಅಳಿಸಿ, ಹೊಸದಾಗಿ ಕೊಂಡಾಗ ಹ್ಯಾಗಿತ್ತೋ ಹಾಗೆ ಮಾಡೋದು ಸರ್,” ಎಂದು ಮೆಲ್ಲಗೆ ಸೇರಿಸಿದಳು. ಸಾಹೇಬರು ಅದಕ್ಕೂ ತಲೆಯಾಡಿಸಿದರು.

“ಯಾರ ಮ್ಯಾಲೆ ಸಂಶಯ?”

“ಉಲ್ಲಾಸನ ಮೇಲೆ ಸರ್. ಎಂಟನೇ ತಾರೀಕು ಚಾರ್ಜರ್ ಕೊಡೂಕೆ ಅಂತ ಕೇರಿಗೆ ಬಂದಿದ್ದ. ನಮ್ಮ ಕಾರ್ಯದರ್ಶಿ ಸುನೀಲ ನೋಡಿದಾನೆ.”

11.15ಕ್ಕೆ ಬಿಎನ್‌ಎಸ್ ಕಲಂ 305ರಡಿ ಕಳವಿನ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ 12.40ಕ್ಕೆ ಮುರುಗಲಕೇರಿಯ ಸಮುದಾಯ ಭವನದಲ್ಲಿ ಪಂಚನಾಮೆ. ಕಪಾಟಿನ ಬೀಗ ಒಡೆದಿರಲಿಲ್ಲ. ಕೀಲಿ ಗೋಡೆಯ ಫೋಟೋದ ಹಿಂದಿನ ಮೊಳೆಯಲ್ಲಿ ತೂಗುತ್ತಿತ್ತು. ಆ ಮೊಳೆ ಊರಿನಲ್ಲಿ ಯಾರಿಗೆ ಗೊತ್ತು ಎಂದು ಕೇಳಿದ್ದಕ್ಕೆ ನೆರೆದವರೆಲ್ಲ ಕೈ ಎತ್ತಿದರು.

ಜನ ಜಮಖಾನೆಯ ಮೇಲೆ ಕೂತಿದ್ದರು. ಒಬ್ಬನಿಗೆ ಮಾತ್ರ ಕೆಂಪು ಪ್ಲಾಸ್ಟಿಕ್ ಕುರ್ಚಿ. ಅವನೇ ಸಮಿತಿಯ ಕಾರ್ಯದರ್ಶಿ ಸುನೀಲ, ಮೂವತ್ತರ ಆಸುಪಾಸು. ಊರವರ ಬಾಯಲ್ಲಿ ಕಂಪ್ಯೂಟರ್ ಸುನೀಲ. ಸಾಹೇಬರಿಗೆಂದು ಆತ ಕುರ್ಚಿ ಬಿಟ್ಟುಕೊಟ್ಟ. ಬಿಟ್ಟುಕೊಟ್ಟ ಮೇಲೆ ಕೈ ಎಲ್ಲಿಡುವುದೆಂದು ತಿಳಿಯದೆ ನಿಂತ.

“ಬ್ಯಾಕಪ್ ತಗದಾವ ಯಾರು?”

“ನಾನೇ ಸರ್. ಡಿಸ್ಕು ಉಲ್ಲಾಸನ ಅಂಗಡಿಯಿಂದ ತಗಂಡಿದ್ದು.”

“ಎಲ್ಲಾ ಬಂದಿತ್ತ?”

“ತೆಗೆದೇ ನೋಡಿದ್ದೆ ಸರ್. ಏಳೂ ಹೆಸರು ಇತ್ತು. ನಮ್ಮಜ್ಜ ಜಟ್ಟಪ್ಪಂದು ಓಡಿಸಿನೂ ನೋಡಿದೆ. ಮಾತಾಡ್ತು.”

ಗೋಡೆಗೆ ಒರಗಿ ಕೂತಿದ್ದ ಎಂಬತ್ತು ದಾಟಿದ ದುರ್ಗಮ್ಮ ಎಲೆಯಡಿಕೆಯ ನಡುವೆ ಬಾಯಿ ಹಾಕಿದಳು: “ನಂದೂ ಇತ್ತು ಸಾಹೇಬ್ರೆ. ಎರಡು ತಾಸು ಮಾತಾಡ್ಸಿದ್ದ ಈ ಪುಣ್ಯಾತ್ಮ. ನನ್ನ ಗಂಡನೂ ನನ್ನ ಅಷ್ಟು ಮಾತಾಡ್ಸಿರ್ಲಿಲ್ಲ.”

ಎಲ್ಲರೂ ನಕ್ಕರು. ಸುನೀಲ ನಗಲಿಲ್ಲ. ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದೇ ಇತ್ತು. ಏಳನೇ ತಾರೀಕಿನಿಂದ ತನುಜಾ ಅದರಲ್ಲಿ ನಲವತ್ತೆರಡು ಮನೆಯ ಅರ್ಜಿ, ಫೋಟೋ, ನಕ್ಷೆಗಳನ್ನು ಹೊಸದಾಗಿ ತುಂಬುತ್ತಿದ್ದಳು.

3.30ಕ್ಕೆ ಉಲ್ಲಾಸನ ಅಂಗಡಿ. ಸುದ್ದಿ ಜೀಪಿಗಿಂತ ಮೊದಲೇ ಪೇಟೆ ತಲುಪಿತ್ತು. ರಿಪೇರಿಗೆ ಕೊಟ್ಟ ಮೂವರು ತಮ್ಮ ಕಂಪ್ಯೂಟರುಗಳನ್ನು ಬಿಚ್ಚಿದ ಸ್ಥಿತಿಯಲ್ಲೇ ವಾಪಸು ಒಯ್ದಿದ್ದರು.

“ನಾ ಎಂತಕ್ಕೆ ಕದಿಲಿ ಸರ್?” ಉಲ್ಲಾಸನ ದನಿ ಏರಿತು. “ಮುದುಕ್ರ ವಿಡಿಯೋನ ಸಂತೆಯಲ್ಲಿ ಇಟ್ಟು ಮಾರೂಕೆ ಬತ್ತದಾ?”

ಅವನು ಒಂದು ದಪ್ಪ ರಿಜಿಸ್ಟರ್ ತಂದು ಬಡಿದ. ಹಿಂದೊಮ್ಮೆ ಯಾರದೋ ಮದುವೆ ಫೋಟೋ ಹೋಗಿ ಜಗಳವಾದ ಮೇಲೆ ಅವನು ಮಾಡಿಕೊಂಡ ಪದ್ಧತಿ ಅದು. ರೀಸೆಟ್‌ಗೆ ಮೊದಲು ಗಿರಾಕಿ ತನ್ನ ಬ್ಯಾಕಪ್ಪನ್ನು ತಾನೇ ನೋಡಿ, ಕೈಯಾರೆ ‘ನೋಡಿದೆ, ಎಲ್ಲ ಇದೆ’ ಎಂದು ಬರೆದು, ಸಮಯ ಹಾಕಿ ಸಹಿ ಮಾಡಬೇಕು. ಪರಮೇಶ್ವರಪ್ಪ ಪುಟ ತಿರುಗಿಸಿದರು. ಬೇರೆ ಬೇರೆ ಕೈಬರಹ, ಒಂದೇ ವಾಕ್ಯ.

“ಇಷ್ಟೂ ಮಂದಿ ಖರೇನ ನೋಡಿರ್ತಾರೇನು?”

“ಹೆಸರು ನೋಡ್ತ್ರು ಸರ್.”

ಸುನೀಲನ ಸಹಿ ಆರನೇ ತಾರೀಕು, 11.40.

“ಕಾಪಿ ಮಾಡಾಕ ಎಷ್ಟು ಹೊತ್ತು ಹಿಡೀತು?”

“ನಾ ಮಾಡ್ತೆ ಅಂದ್ರೆ ಕೇಳಲಿಲ್ಲ ಅವ. ನಂಗೊತ್ತು ಬಿಡಾ ಅಂದ. ಆಗ್ಲೇ ಚಾ ಬಂತು. ಎರಡು ಗುಟುಕು ಕುಡಿಯೂದ್ರೊಳಗೆ ಆಯ್ತು ಅಂದ. ಎದ್ರಿಗೆ ಗಿರಾಕಿ ಇದ್ರು, ನಾ ತಿರುಗಿ ನೋಡಲಿಲ್ಲ.”

ಪರಮೇಶ್ವರಪ್ಪ ರಿಜಿಸ್ಟರ್ ಮುಚ್ಚಿದರು. ಅವರಿಗೆ ಕಂಪ್ಯೂಟರ್ ತಿಳಿಯದಿದ್ದರೂ ಮುದುಕರ ಮಾತು ಎಷ್ಟು ಉದ್ದವೆಂದು ತಿಳಿದಿತ್ತು. “ಪರಿಮಳಾ, ಏಳು ಮಂದಿ. ಒಬ್ಬೊಬ್ಬರದು ಎರಡೆರಡು ತಾಸು. ಅಷ್ಟೂ ಮಾತು ಎರಡು ಗುಟುಕು ಚಾದಾಗ ಆಕಡೆ ಹೋಗಿ ಕುಂತೀತ?”

“ಸಾಧ್ಯವೇ ಇಲ್ಲ ಸರ್. ಒಂದು ತಾಸಾದ್ರೂ ಬೇಕು.” ಅವಳು ಉಲ್ಲಾಸನ ಪರದೆಯ ಕಡೆ ತಿರುಗಿ, ಒಂದು ಚಿತ್ರದ ಮೂಲೆಯಲ್ಲಿದ್ದ ಪುಟ್ಟ ಬಾಣ ತೋರಿಸಿದಳು. “ಇದನ್ನ ಶಾರ್ಟ್‌ಕಟ್ ಅಂತಾರೆ. ಫೈಲ್ ಅಲ್ಲ, ಫೈಲ್ ಎಲ್ಲಿದೆ ಅಂತ ತೋರಿಸೋ ಗುರುತು. ಊರಲ್ಲ ಸರ್, ಊರಿನ ಬೋರ್ಡು. ಸುನೀಲ ಬೋರ್ಡನ್ನ ಮಾತ್ರ ಕಾಪಿ ಮಾಡಿದಾನೆ.”

“ಅಜ್ಜ ಮಾತಾಡಿದ ಅಂದನಲ್ಲ?”

“ಆಗ ಮಾತಾಡಿರ್ತಾನೆ. ಊರು ಇನ್ನೂ ಲ್ಯಾಪ್‌ಟಾಪಲ್ಲಿ ಇತ್ತಲ್ಲ. ಆಮೇಲೆ ರೀಸೆಟ್ ಒತ್ತಿದ್ರು.” ಪರಿಮಳಾ ಬೆರಳು ಹಿಂದೆ ತೆಗೆದಳು. “ಬೋರ್ಡ್ ಉಳೀತು, ಊರು ಹೋಯ್ತು.”

ಉಲ್ಲಾಸ ತಲೆಯ ಮೇಲೆ ಕೈ ಹೊತ್ತು ಕೂತ.

ಖಾಲಿ ಡಿಸ್ಕನ್ನು ಕದಿಯುವುದಕ್ಕೆ ಕಾರಣವಿರುವುದು ಒಬ್ಬನಿಗೇ, ಅದು ಖಾಲಿ ಎಂದು ಗೊತ್ತಿರುವವನಿಗೆ. ಪರಮೇಶ್ವರಪ್ಪ ಅಲ್ಲಿಂದಲೇ ತನುಜಾಗೆ ಫೋನ್ ಹಚ್ಚಿ, ಲ್ಯಾಪ್‌ಟಾಪು ಆರಿಸಿ ಯಾರೂ ಮುಟ್ಟದಂತೆ ಇಡಲು ಹೇಳಿದರು. 5.10ಕ್ಕೆ ಅದು ಜಪ್ತಾಯಿತು. ಅಷ್ಟರಲ್ಲಿ ಸುನೀಲ ಊರಲ್ಲಿರಲಿಲ್ಲ. ಫೋನೂ ಸ್ವಿಚ್ ಆಫ್.

ಹೋದ ಫೈಲ್ ಹುಡುಕಿಸಲು ಈ ಭಾಗದವರೆಲ್ಲ ಹೋಗುವುದು ಶಿರಸಿಯ ಗಿರೀಶನಲ್ಲಿಗೆ ಎಂದು ಉಲ್ಲಾಸ ಹೇಳಿದ್ದ. ಮರುದಿನ 10.45ಕ್ಕೆ ಪರಮೇಶ್ವರಪ್ಪ, ಪರಿಮಳಾ ಇಬ್ಬರೂ ಅಲ್ಲಿದ್ದರು. ಗಿರೀಶ ಬನವಾಸಿ ಕಡೆಯವನು.

“ಸುನೀಲ ಬಂದಿದ್ದ ಸರ್, ಏಳನೇ ತಾರೀಕು, ಡಿಸ್ಕ್ ಹಿಡಕೊಂಡು. ಇವು ಯಾಕೋ ತೆರೀವಲ್ವು, ನೋಡ್ರಿ ಅಂದ. ಇದರಾಗ ಏನೂ ಇಲ್ಲೋ ಮಾರಾಯ ಅಂದೆ. ಮುಖ ಸುಣ್ಣ ಬಳದಂಗಾತು.”

“ಆಮೇಲೆ?”

“ಲ್ಯಾಪ್‌ಟಾಪ್ ಯಾರೂ ಬಳಸಬ್ಯಾಡ್ರಿ, ಹೊಸಾದು ತುಂಬಿದಂಗ ಹಳೇದು ಅಳಿಸಿ ಹೋಗ್ತಾವ, ಆರಿಸಿ ಹಂಗ ತಂದುಕೊಡು, ಅದರ ಹೊಟ್ಟಿಯೊಳಗ ಇನ್ನೂ ಇದ್ದರ ಇರ್ತಾವ, ತಗಿಯೋಣು ಅಂದೆ. ನಾಳೆ ತರ್ತೇನಿ ಅಂದ.” ಗಿರೀಶ ಗೋಡೆಯ ಕ್ಯಾಲೆಂಡರ್ ನೋಡಿದ. “ಇನ್ನೂ ಆ ನಾಳೆ ಬಂದಿಲ್ಲ.”

ಹೊರಗೆ ಬಂದು ಜೀಪು ಹತ್ತುವಾಗ ಪರಿಮಳಾ ಹೇಳಿದಳು: “ನಾಕು ದಿನ ತನುಜಕ್ಕ ಅದರ ಮೇಲೇ ಅರ್ಜಿ ತುಂಬಿದಾರೆ ಸರ್. ಒಂದೊಂದು ಫೋಟೋ ಹಾಕಿದಾಗ್ಲೂ ಆ ಮುದುಕರ ಮೇಲೆ ಒಂದೊಂದು ಬುಟ್ಟಿ ಮಣ್ಣು ಹಾಕಿದ ಹಾಗೆ. ಇವನಿಗದು ಗೊತ್ತಿತ್ತು. ನೋಡ್ತಾ ಕೂತಿದ್ದ.”

“ಕುರ್ಚಿ ಮ್ಯಾಲೆ,” ಎಂದರು ಪರಮೇಶ್ವರಪ್ಪ.

ಸುನೀಲನ ಅಕ್ಕನ ಗಂಡ ಯಲ್ಲಾಪುರ ತಾಲೂಕಿನ ಕಿರವತ್ತಿಯಲ್ಲಿ ಧಾಬಾ ಇಟ್ಟಿದ್ದಾನೆಂದು ತನುಜಾ ತಿಳಿಸಿದಳು. ಮಧ್ಯಾಹ್ನ 2.15ಕ್ಕೆ ಜೀಪು ಅಲ್ಲಿ ನಿಂತಾಗ ಸುನೀಲ ಗಲ್ಲಾಪೆಟ್ಟಿಗೆಯ ಹಿಂದೆ ಬಗ್ಗಿ ಬಿಲ್ಲಿನ ಕಂಪ್ಯೂಟರಿನ ವೈರು ತೆಗೆದು ಮತ್ತೆ ಹಾಕುತ್ತಿದ್ದ. ವಿಷಯ ತಿಳಿಯದ ಭಾವ ಹೆಮ್ಮೆಯಿಂದ ಹೇಳಿದ: “ನಮ್ಮ ಭಾಮೈದ ಸಾಹೇಬ್ರೆ. ಕಂಪ್ಯೂಟರ್ ಅಂದ್ರೆ ಇವಂಗೆ ಗೊತ್ತಿಲ್ದೇ ಇದ್ದದ್ದೇ ಇಲ್ಲ.”

ಸುನೀಲ ತಲೆ ಎತ್ತಿ ಖಾಕಿ ನೋಡಿದ. ಓಡಲಿಲ್ಲ. ವೈರನ್ನು ಸರಿಯಾಗಿ ಚುಚ್ಚಿ, ಕೈ ಒರೆಸಿಕೊಂಡು ಹೊರಗೆ ಬಂದ. 2.40ಕ್ಕೆ ಬಂಧನ. ಪಂಚರ ಮುಂದೆ ಅವನ ಚೀಲ ತೆರೆದಾಗ, ಮಡಚಿದ ಟವೆಲಿನೊಳಗೆ ಡಿಸ್ಕು ಸಿಕ್ಕಿತು.

“ಖಾಲಿ ಡಿಸ್ಕು. ದಾರ್ಯಾಗ ಎಲ್ಲೆರೆ ಒಗೀಬಹುದಿತ್ತು,” ಎಂದರು ಪರಮೇಶ್ವರಪ್ಪ.

“ಮೇಲೆ ಹಿರಿಯರು ಅಂತ ಬರ್ದಿತ್ತು ಸರ್. ಒಗಿಯೂಕೆ ಕೈ ಬರ್ಲಿಲ್ಲ.”

ಯಲ್ಲಾಪುರ ದಾಟಿದ ಮೇಲೆ ಪರಮೇಶ್ವರಪ್ಪ ಜೀಪಿನ ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿದರು.

“ಏಳನೇ ತಾರೀಕ ಹೇಳಿದ್ರ ಏನಾಗ್ತಿತ್ತು?”

“ನಗ್ತಿದ್ರು ಸರ್.” ಸುನೀಲ ಕಿಟಕಿಯಾಚೆ ನೋಡುತ್ತಿದ್ದ. “ಪಿಯುಸಿ ಎರಡು ಸಲ ಫೇಲ್ ಆದವ ನಾನು. ಮೀಟಿಂಗಲ್ಲಿ ಕಂಬಕ್ಕೆ ಒರಗಿ ನಿಂತಿರ್ತಿದ್ದೆ. ವಿಡಿಯೋ ಮಾಡೂಕೆ ಶುರು ಮಾಡಿದ ಮೇಲೆ ಕುರ್ಚಿ ಕೊಟ್ರು. ಕಳುವಾಯ್ತು ಅಂದ್ರೆ ಅಯ್ಯೋ ಅಂತ್ರು. ನಾನೇ ಹಾಳು ಮಾಡ್ದೆ ಅಂದ್ರೆ... ಸತ್ತವರಲ್ಲಿ ನಮ್ಮಜ್ಜನೂ ಇದ್ದ ಸರ್.”

“ಉಲ್ಲಾಸನ ಹೆಸರು ಯಾಕ ಹೇಳಿದಿ? ನಿನಗ ಏನು ಮಾಡಿದ್ದ ಅವ?”

ಸುನೀಲ ಕಿಟಕಿಯಿಂದ ಮುಖ ಈಚೆಗೆ ತಿರುಗಿಸಿದ.

“ಎಂತ ಮಾಡಲಿಲ್ಲ. ಅವಂಗೆ ನಿಜವಾಗ್ಲೂ ಬತ್ತದೆ ಸರ್, ಕಂಪ್ಯೂಟರು.”

ಪರಿಮಳಾ ಬರೆಯುವುದನ್ನು ನಿಲ್ಲಿಸಿದಳು. ಮತ್ತೆ ಬರೆದಳು.

ಇಪ್ಪತ್ತೇಳರಂದು ಶಿರಸಿಯಲ್ಲಿ ಎಫ್‌ಐಆರ್ ಪ್ರತಿ ನೋಡಿದ ಅಧಿಕಾರಿಗಳು ಮುರುಗಲಕೇರಿಯ ವಿಚಾರಣೆಯನ್ನು ಮುಂದೂಡಿದರು. ಬದುಕಿರುವ ನಾಲ್ವರ ಹೇಳಿಕೆಯನ್ನು ಇನ್ನೊಮ್ಮೆ ತೆಗೆಯಲಾಯಿತು. ಈ ಸಲ ಚಿತ್ರ ತೆಗೆದವನು ಉಲ್ಲಾಸ. ದುರ್ಗಮ್ಮ ಮೂರು ತಾಸು ಮಾತಾಡಿದಳು. ನಡುವೆ ಒಮ್ಮೆ ನಿಲ್ಲಿಸಿ, ಖಾಲಿ ಕುರ್ಚಿಯ ಕಡೆ ನೋಡಿ ಕೇಳಿದಳಂತೆ: “ಗೊತ್ತಾಗ್ಲಿಲ್ಲ ಅಂತ ಒಂದು ಮಾತು ಹೇಳಿದ್ರೆ ನಾವು ಅವನ್ನ ಹಿಡಿದು ತಿಂತಿದ್ವಾ?” ತಿನ್ನುತ್ತಿರಲಿಲ್ಲ, ಆದರೆ ನಗುತ್ತಿದ್ದರು ಎಂಬುದು ಎಲ್ಲರಿಗೂ ಗೊತ್ತಿತ್ತು.

ಲ್ಯಾಪ್‌ಟಾಪಿನ ಪ್ರಯೋಗಾಲಯ ವರದಿ ಬಂದದ್ದು ಫೆಬ್ರವರಿಯಲ್ಲಿ. ತೀರಿಕೊಂಡ ಮೂವರಲ್ಲಿ ಒಬ್ಬರ ಹೇಳಿಕೆ ಪೂರ್ತಿ ಸಿಕ್ಕಿತ್ತು. ಇನ್ನೊಬ್ಬರದು ಇಲ್ಲವೇ ಇಲ್ಲ. ಜಟ್ಟಪ್ಪನದು ಹನ್ನೊಂದು ನಿಮಿಷ, ಚಿತ್ರ ಮಾತ್ರ. ಮುದುಕ ಕೈ ಎತ್ತಿ ಗದ್ದೆಯ ಅಂಚನ್ನು ತೋರಿಸುತ್ತ ಏನೋ ಹೇಳುತ್ತಾನೆ. ದನಿಯಿಲ್ಲ.

ವರದಿ ಒಂಬತ್ತು ಪುಟವಿತ್ತು. ಕೊನೆಯಲ್ಲಿ ‘ಓದಿ ಅರ್ಥೈಸಿಕೊಂಡಿದ್ದೇನೆ’ ಎಂಬ ಸಾಲಿನ ಕೆಳಗೆ ತನಿಖಾಧಿಕಾರಿಯ ಸಹಿಗೆ ಜಾಗ. ಪರಮೇಶ್ವರಪ್ಪ ಪೆನ್ನು ಅಲ್ಲಿಗೆ ಒಯ್ದರು. ಅಭ್ಯಾಸಬಲದಿಂದ ಮೊದಲ ಅಕ್ಷರದ ಅರ್ಧ ಮೂಡಿತ್ತು. ಅಲ್ಲಿಗೇ ನಿಲ್ಲಿಸಿದರು.

“ಪರಿಮಳಾ, ಬಾರವಾ ಇಲ್ಲೆ.” ಅವರು ಪಕ್ಕದ ಕುರ್ಚಿ ಎಳೆದುಕೊಟ್ಟರು. “ಇದು ನನಗ ತಿಳೀವಲ್ದು. ಮೊದಲಿನಿಂದ ಹೇಳು.”